ಬೀಗರಿಗೆ ಮೈಸೂರು ತೋರಿಸುವುದು ಹೇಗೆ?

ಪ್ರಶ್ನೆ: ಭಾನುವಾರ ಮೈಸೂರಿನಲ್ಲಿ ಮಗಳ ಮದುವೆ. ಧಾರವಾಡದ ಬೀಗರು ಶನಿವಾರ ಬೆಳಿಗ್ಗೆಯೇ ಬರುತ್ತಾರೆ, ಅವರಲ್ಲಿ ವಯಸ್ಸಾದವರೂ ಇದ್ದಾರೆ. ಏನು ತೋರಿಸಲಿ, ಏನು ತಿನ್ನಿಸಲಿ?

ಉತ್ತರ: ಶನಿವಾರ ಬಿಸಿಲೇರುವ ಮೊದಲೇ ಚಾಮುಂಡಿ ಬೆಟ್ಟ ಮುಗಿಸಿ. ಎಲ್ಲರೂ ವಾಹನದಲ್ಲೇ ಮೇಲಕ್ಕೆ ಹೋಗಲಿ. ದರ್ಶನವಾದ ಮೇಲೆ ಮಂಡಿ ಗಟ್ಟಿ ಇರುವವರು ಸುಮಾರು 300 ಮೆಟ್ಟಿಲು ಇಳಿದರೆ ದೊಡ್ಡ ನಂದಿ ಸಿಗುತ್ತದೆ. ಹಿರಿಯರನ್ನು ಅಲ್ಲಿಗೆ ಕಾರಿನಲ್ಲೇ ಕರೆತನ್ನಿ. ತಡಮಾಡಿದರೆ ಕಲ್ಲು ಕಾದು ಬರಿಗಾಲು ಸುಡುತ್ತದೆ.

ತಿಂಡಿಗೆ ನಜರ್‌ಬಾದಿನ ಮೈಲಾರಿ ದೋಸೆ. ಮೆತ್ತಗಿರುತ್ತದೆ, ಮೇಲೊಂದು ಬೆಣ್ಣೆಮುದ್ದೆ. ಗರಿಗರಿ ದೋಸೆ ಬಯಸುವವರಿಗೆ ಮೊದಲೇ ಹೇಳಿಬಿಡಿ.

ಅರಮನೆಯ ಒಳಗನ್ನು ಶನಿವಾರವೇ ನೋಡಿಸಿ, ದೀಪಾಲಂಕಾರವನ್ನು ಭಾನುವಾರಕ್ಕೆ ಇಡಿ. ಸಂಜೆ 7ಕ್ಕೆ ಸುಮಾರು 1 ಲಕ್ಷ ಬಲ್ಬು ಒಮ್ಮೆಲೇ ಹೊತ್ತಿಕೊಳ್ಳುವ ಆ ಕ್ಷಣ ತಪ್ಪಬಾರದು. ಆರೂವರೆಗೇ ಅಂಗಳದಲ್ಲಿರಿ. ಬೀಗರ ರೈಲು ಅದಕ್ಕೂ ಮೊದಲೇ ಇದ್ದರೆ, ದಯವಿಟ್ಟು ಟಿಕೆಟ್ ಬದಲಾಯಿಸಿ!

ಮೈಸೂರು ಪಾಕ್ ಹೊರಡುವ ದಿನವೇ ಕೊಳ್ಳಿ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಆವಿ ನೀರಾಗಿ ಅಂಚು ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಕಟ್ಟಿಸಿ. ದೂರದ ಪ್ರಯಾಣಕ್ಕೆ ಗೂಡುಗೂಡಾದ ಗಟ್ಟಿ ಪಾಕೇ ವಾಸಿ. ತುಪ್ಪ ಸುರಿಯುವ ಮೆದು ಪಾಕನ್ನು ಇಲ್ಲೇ ತಿನ್ನಿಸಿ ಕಳಿಸಿ.