ಯಾರ ಮಾತು ನಂಬಲಿ ಅಕ್ಕಾ, ಅಂದೆಯಲ್ಲ

ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ. ನನ್ನ ಕೊನೆಯ ತಂಗಿಗಿಂತ ಚಿಕ್ಕವಳು ನೀನು. ಸಿಯಾಟಲ್‌ಗೆ ಬಂದು ನಾಲ್ಕು ತಿಂಗಳಾಗಿದೆ. ಮಗ ಸೆಪ್ಟೆಂಬರ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಬೇಕು. ಯಜಮಾನರ ಆಫೀಸಿನಲ್ಲಿ ಎಲ್ಲರೂ ಕೆಮ್ಮಿಕೊಂಡೇ ಬರುತ್ತಾರೆ. ಮಕ್ಕಳ ಡಾಕ್ಟರ್ ಒಂದು ಹೇಳಿದರೆ ಸಿಡಿಸಿ, ಅಂದರೆ ಕಾಯಿಲೆ ತಡೆಯುವ ಇಲ್ಲಿನ ಕೇಂದ್ರ ಸರ್ಕಾರಿ ಸಂಸ್ಥೆ, ಇನ್ನೊಂದು ಹೇಳುತ್ತದೆ, ಪಕ್ಕದ ಮನೆಯವರು ಎಲ್ಲಾ ಸುಳ್ಳು ಅನ್ನುತ್ತಾರೆ. "ಗಾಳಿಯಲ್ಲಿ ಹರಡುವ ಕಾಯಿಲೆ ವಿಷಯದಲ್ಲಿ ಇಲ್ಲಿನ ಸರ್ಕಾರದ ಮಾತು ನಂಬಬಹುದಾ ಅಕ್ಕಾ?" ಅಂತ ಕೇಳಿದ್ದೀಯ.

ನಂಬದವರನ್ನು ನಾನು ಬೈಯಲಾರೆ. 2020ರ ಮಾರ್ಚ್‌ನಲ್ಲಿ ನಾನು ಇಲ್ಲಿಯೇ ಒಂದು ಡೇಕೇರ್‌ನಲ್ಲಿ ಕೆಲಸಕ್ಕಿದ್ದೆ. ಮಾಸ್ಕ್ ಹಾಕಿಕೊಂಡು ಹೋದೆ. "ತೆಗಿ, ಮಕ್ಕಳು ಹೆದರುತ್ತಾರೆ, ಮೇಲಿನವರೇ ಬೇಡ ಅಂದಿದ್ದಾರೆ" ಅಂದರು ಮೇಲ್ವಿಚಾರಕಿ. ಅವರು ಹೇಳಿದ್ದು ನಿಜವೇ. ಫೆಬ್ರವರಿ 29ಕ್ಕೆ ಜನರಿಗೆ ಆರೋಗ್ಯದ ಸಲಹೆ ಕೊಡುವ ದೇಶದ ದೊಡ್ಡ ವೈದ್ಯಾಧಿಕಾರಿ, ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಟ್ವೀಟ್ ಮಾಡಿದ್ದರು, ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ ಅಂತ. ಜನಸಾಮಾನ್ಯರಿಗೆ ಅದರಿಂದ ಉಪಯೋಗವಿಲ್ಲ, ಆದರೆ ಆಸ್ಪತ್ರೆಯವರಿಗೆ ಸಿಗದಿದ್ದರೆ ಅಪಾಯ ಅಂತ ಒಂದೇ ಉಸಿರಿನಲ್ಲಿ. ಅದೇ ಮಾಸ್ಕ್ ಅವರಿಗೆ ಕೆಲಸ ಮಾಡುತ್ತೆ, ನಮಗೆ ಮಾಡಲ್ವಂತೆ! ಸ್ಟಾಕ್ ಇಲ್ಲ, ಅವರಿಗೆ ಬಿಟ್ಟುಕೊಡಿ ಅಂತ ನೇರವಾಗಿ ಹೇಳಿದ್ದರೆ ನಾವು ಕೇಳುತ್ತಿರಲಿಲ್ಲವಾ? ಐದು ವಾರ ಕಳೆದು ಏಪ್ರಿಲ್ 3ಕ್ಕೆ ಸಿಡಿಸಿ ಬಟ್ಟೆಯಾದರೂ ಕಟ್ಟಿಕೊಳ್ಳಿ ಅಂದಿತು.

ಈ ನಡುವೆ, ಮಾರ್ಚ್ 28ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಅಂತ ಸಾರಿತು. 'ಇದು ಸತ್ಯ' ಅಂತ ಮೊದಲೇ ಮುದ್ರೆ ಒತ್ತಿ. ನಾವು ಡೇಕೇರ್‌ನಲ್ಲಿ ಆಟಿಕೆಗಳನ್ನು ಗಂಟೆಗೊಂದು ಸಲ ಒರೆಸಿದೆವು. ನಮ್ಮ ಕೈ ಚರ್ಮ ಸುಲಿಯಿತು. ಚಳಿ ಅಂತ ಕಿಟಕಿ ಮಾತ್ರ ಒಂದೂ ತೆಗೆಯಲಿಲ್ಲ.

ಏಪ್ರಿಲ್‌ನಲ್ಲಿ ನೀವೂ ಟುಲಿಪ್ ನೋಡಲು ಸ್ಕಾಜಿಟ್ ವ್ಯಾಲಿಗೆ ಹೋಗುತ್ತೀರಿ. ಇಲ್ಲಿಗೆ ಬಂದ ಕನ್ನಡದವರ ಮೊದಲ ಫೋಟೊ ಅಲ್ಲಿಯದೇ. ಅಲ್ಲೇ ಮೌಂಟ್ ವರ್ನನ್‌ನಲ್ಲಿ 2020ರ ಮಾರ್ಚ್ 10ರಂದು ಒಂದು ಹಾಡಿನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಾಗಿಲಲ್ಲಿ ಸ್ಯಾನಿಟೈಸರ್ ಇತ್ತು, ಯಾರೂ ಅಪ್ಪಿಕೊಳ್ಳಲಿಲ್ಲ. ಬಂದಿದ್ದ 61 ಜನರಲ್ಲಿ 53 ಮಂದಿಗೆ ಕಾಯಿಲೆ ಅಂತ ಲೆಕ್ಕ ಸಿಕ್ಕಿತು, ಇಬ್ಬರು ತೀರಿಕೊಂಡರು. ಓದಿದಾಗ ನನಗೆ ನೆನಪಾಗಿದ್ದು ನಮ್ಮ ಗುರುವಾರದ ಭಜನೆ. ಮುಚ್ಚಿದ ಹಾಲ್, ಮೂವತ್ತು ಜನ, ಎಲ್ಲರದೂ ದೊಡ್ಡ ಗಂಟಲು.

ಅಲ್ಲಮ್ಮಾ, ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ ಘಾಟು ಆರಡಿ ದೂರಕ್ಕೆ ನಿಲ್ಲುತ್ತಾ? ಮಹಡಿ ಮೇಲೆ ಮಲಗಿದವರೂ ಕೆಮ್ಮುತ್ತಾರೆ. ಉಸಿರಿನ ಸಣ್ಣ ಕಣಗಳದ್ದೂ ಇದೇ ಕಥೆ. ಲಿಡಿಯಾ ಮೊರಾವ್ಸ್ಕಾ ಮುಂತಾದ 239 ವಿಜ್ಞಾನಿಗಳು 2020ರ ಜುಲೈನಲ್ಲಿ ಪತ್ರ ಬರೆದು ಇದನ್ನೇ ಒಪ್ಪಿಕೊಳ್ಳಿ ಅಂತ ಕೇಳಿದರು. ಆಮೇಲೆ ಸಂಸ್ಥೆಗಳು ಒಂದೊಂದೇ ಪದ ಬದಲಿಸುತ್ತಾ ಒಪ್ಪಿಕೊಂಡವು. 'ಆಗ ತಪ್ಪು ಹೇಳಿದ್ದೆವು' ಅಂತ ಮಾತ್ರ ಅಷ್ಟೇ ಜೋರಾಗಿ ಹೇಳಲಿಲ್ಲ. ನನಗೆ ಸಿಟ್ಟಿರುವುದು ಅದಕ್ಕೆ. ತಪ್ಪು ಯಾರಾದರೂ ಮಾಡುತ್ತಾರೆ.

ಹಾಗಾಗಿ ಗಾಳಿಯ ವಿಷಯದಲ್ಲಿ ನಾನು ಯಾರ ಅಪ್ಪಣೆಗೂ ಕಾಯುವುದಿಲ್ಲ. ಈಗ ನಮ್ಮ ಭಜನೆಗೆ ಎರಡು ಕಿಟಕಿ ತೆರೆದಿರುತ್ತವೆ, ಬಂದವರು ಶಾಲು ಹೊದ್ದು ಕೂರುತ್ತಾರೆ. ಮೂಲೆಯಲ್ಲಿ ಒಂದು ಡಬ್ಬ ಗುಂಯ್ ಅನ್ನುತ್ತಿರುತ್ತದೆ. ಇಪ್ಪತ್ತು ಇಂಚಿನ ಬಾಕ್ಸ್ ಫ್ಯಾನ್, ಸಣ್ಣ ಕಣ ಹಿಡಿಯುವ ನಾಲ್ಕು ಮೆರ್ವ್-13 ಫಿಲ್ಟರ್, ರಟ್ಟು, ಟೇಪು, ಅಷ್ಟೇ. ಕಾರ್ಸಿ–ರೋಸೆಂತಾಲ್ ಡಬ್ಬ ಅಂತ ಹೆಸರು. ಕಾಡ್ಗಿಚ್ಚಿನ ಹೊಗೆ ಬಂದಾಗಲೂ ಅದೇ ಗತಿ, ಇಲ್ಲಿ ಬೇಸಿಗೆ ಕೊನೆಗೆ ಬೇಕಾಗುತ್ತದೆ. ಗಂಟೆಗೆ ಐದು ಸಲ ಕೋಣೆಯ ಗಾಳಿ ಬದಲಾಗುವಷ್ಟಿರಲಿ ಅಂತ ಸಿಡಿಸಿ ಕೂಡ 2023ರ ಮೇನಲ್ಲಿ ಹೇಳಿತು. ಮೂರು ವರ್ಷ ತಡ, ಇರಲಿ.

ಆಫೀಸಿನ ಕೆಮ್ಮು. 2024ರ ಮಾರ್ಚ್‌ನಿಂದ ಸಿಡಿಸಿ ಕೋವಿಡ್ ಬಂದವರ ಐದು ದಿನದ ಐಸೊಲೇಶನ್ ಕೈಬಿಟ್ಟಿದೆ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರದೆ, ಸುಸ್ತು–ಕೆಮ್ಮು ಕಡಿಮೆಯಾಗುತ್ತಿದ್ದರೆ ಹೊರಗೆ ಹೋಗಬಹುದು. ಆಮೇಲೂ ಐದು ದಿನ ಹುಷಾರಾಗಿರಿ ಅಂತ ಅದರಲ್ಲೇ ಇದೆ, ಆ ಸಾಲನ್ನು ಓದುವವರು ಕಮ್ಮಿ. ಯಜಮಾನರಿಗೆ ಎನ್95 ಮಾಸ್ಕ್ ಕೊಡು. ಯಾರಾದರೂ ವಿಚಿತ್ರವಾಗಿ ನೋಡಬಹುದು, ಇಲ್ಲಿ ಮಾಸ್ಕ್ ಅಂದರೆ ಯಾವ ಪಾರ್ಟಿ ಅಂತ ಲೆಕ್ಕ ಹಾಕುತ್ತಾರೆ. ವೀಸಾದಲ್ಲಿರುವವರು ನಾವು, ವೋಟೇ ಇಲ್ಲ ಅಂತ ನಕ್ಕುಬಿಡಲಿ.

ಈಗ ನಿಜವಾಗಿ ಹೇಳಬೇಕಾದ್ದು. ಮಾಸ್ಕ್ ವಿಷಯದಲ್ಲಿ ಎಡವಿದರು ಅಂತ ಲಸಿಕೆಯನ್ನೂ ಬಿಟ್ಟವರನ್ನು ನಾನು ಕಂಡಿದ್ದೇನೆ, ನಮ್ಮವರಲ್ಲೂ. ದಡಾರ ಬಂದವರು ಕೋಣೆ ಬಿಟ್ಟು ಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಹುದು. ಡೇಕೇರ್‌ನಲ್ಲಿ ಅದಕ್ಕೆ ಕಿಟಕಿ ತೆಗೆದರೆ ಸಾಲದು. 2019ರಲ್ಲಿ ನಮ್ಮದೇ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ 71 ಜನಕ್ಕೆ ಬಂತು. ಆಮೇಲೆ ಎಂಎಂಆರ್ ಲಸಿಕೆಗೆ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ) 'ನನಗೆ ಇಷ್ಟವಿಲ್ಲ' ಅನ್ನುವ ವಿನಾಯಿತಿಯನ್ನೇ ವಾಷಿಂಗ್ಟನ್ ರಾಜ್ಯ ತೆಗೆದುಹಾಕಿತು. ಡೇಕೇರ್ ಕೆಲಸದವರಿಗೂ ಪುರಾವೆ ಕೇಳಿದರು. ಶಿವಮೊಗ್ಗದ ನನ್ನ ಕಾರ್ಡ್ ಯಾವ ಕಾಲದಲ್ಲೋ ಗೆದ್ದಲಿಗೆ ಹೋಗಿತ್ತು, ರಕ್ತ ಪರೀಕ್ಷೆ ಮಾಡಿಸಿ ತೋರಿಸಿದೆ. 2025ರಲ್ಲಿ ಟೆಕ್ಸಾಸ್‌ನಲ್ಲಿ 762 ಜನಕ್ಕೆ ದಡಾರ ಬಂದು ಇಬ್ಬರು ಮಕ್ಕಳು ಸತ್ತರು, ಲಸಿಕೆ ಹಾಕಿಸಿರಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಆರೋಗ್ಯ ಮಂತ್ರಿ ಕೆನಡಿ ಸಿಡಿಸಿಗೆ ಲಸಿಕೆ ಸಲಹೆ ಕೊಡುವ ಸಮಿತಿಯ 17 ಜನರನ್ನೂ ಒಟ್ಟಿಗೆ ತೆಗೆದರು. ನಿನ್ನ ಡಾಕ್ಟರ್ ಮಾತು ಸಿಡಿಸಿಗೆ ಹೊಂದದಿರುವುದು ಇದರಿಂದಲೇ ಇರಬಹುದು. ಮಕ್ಕಳ ವೈದ್ಯರ ಅಕಾಡೆಮಿ ತನ್ನದೇ ಪಟ್ಟಿ ಮಾಡುತ್ತದೆ. ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯಾ, ಹವಾಯಿ ಸೇರಿ ಆ ಸೆಪ್ಟೆಂಬರ್‌ನಲ್ಲಿ ಲಸಿಕೆ ಸಲಹೆಗೆ ಬೇರೆ ಕೂಟ ಕಟ್ಟಿಕೊಂಡವು. 'ಸರ್ಕಾರ' ಅಂತ ಒಂದೇ ಬಾಯಿ ಇಲ್ಲಿಲ್ಲ. ಯಾವ ಬಾಯಿ ಮಾತಾಡುತ್ತಿದೆ ಅಂತ ನೋಡುವುದು ನಿನಗೂ ಅಭ್ಯಾಸವಾಗುತ್ತೆ. ಲಸಿಕೆಗೆ ನಾನು ಮಕ್ಕಳ ಡಾಕ್ಟರ್ ಮಾತು ಕೇಳುತ್ತೇನೆ, ಕಣ್ಣು ಮುಚ್ಚಿ ಅಲ್ಲ, ಏಕೆ ಅಂತ ಕೇಳಿ. ಒಳ್ಳೆ ಡಾಕ್ಟರ್ ಆದರೆ ಬೇಜಾರಿಲ್ಲದೆ ವಿವರಿಸುತ್ತಾರೆ.

ಒಂದು ಮಾತು ಮರೆಯಬೇಡ. ಊರಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಿದ ದಡಾರದ ಲಸಿಕೆಯನ್ನು ಇಲ್ಲಿನ ಶಾಲೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ವರ್ಷ ತುಂಬಿದ ಮೇಲೆ ಎರಡು ಡೋಸ್ ಬೇಕು. ಸರ್ಕಾರಿ ಆಸ್ಪತ್ರೆಯ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರುವುದಿಲ್ಲ, ಅದೂ ಸೇರಿದ ಎಂಎಂಆರ್ ಕೇಳುತ್ತಾರೆ. ಆಗಸ್ಟ್ ಕೊನೆಗೆ ಓಡಾಡಬೇಡ, ಆಗ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ತಾಯಿ ಕಾರ್ಡ್ ಊರಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ಅಮ್ಮನಿಗೆ ಫೋನ್ ಮಾಡು, ಎಲ್ಲಾ ಪುಟದ ಫೋಟೊ ತೆಗೆದು ಕಳಿಸಲಿ.