ಎಂಟಿಬಿ (ಗುಡ್ಡ, ಕಲ್ಲು ದಾರಿಗೆ ಹೊಡಿಯೋ ಮೌಂಟೇನ್ ಸೈಕಲ್) ಹ್ಯಾಂಡಲ್ 760 ಎಂಎಂ ಅಗಲ ಐತಿ, ಭುಜ ನೋಯತಾವು, ಕಟ್ ಮಾಡಿಸಬೇಕಾ?

ನಿಮ್ಮ ಎತ್ತರ 5 ಅಡಿ 4 ಇಂಚು, ಹೊಸ ಎಂಟಿಬಿ, ಒಂದು ತಾಸು ಹೊಡದ್ರ ಭುಜ ಕುತ್ತಿಗಿ ನೋವು, ಕಿರುಬೆರಳು ಜೋಮು, ಶಾಪ್‌ನವರು ಕಟ್ ಮಾಡಿಸ್ರಿ ಅಂದಾರ ಅಂತ ಬರದೀರಿ. ದಯವಿಟ್ಟು ಈ ವಾರ ಕಟ್ ಮಾಡಿಸಬ್ಯಾಡ್ರಿ.

ನಾನು ಗಂಗಾವತಿಯವ, ಮುಂಜಾನೆ ಆನೆಗುಂದಿ, ಸಾಣಾಪುರ ಕಡೆ ಸೈಕಲ್ ಹೊಡಿತೀನಿ. ನನ್ನ ಹ್ಯಾಂಡಲ್ 740 ಇತ್ತು, ಒಂದು ಶಾಪ್‌ನಾಗ 620 ಮಾಡ್ರಿ ಅಂದ್ರು, ಒಮ್ಮೆಲೇ ಕೊಯ್ಸಿಬಿಟ್ಟೆ. ಡಾಂಬರ್ ಮ್ಯಾಲೆ ಛಲೋ ಇತ್ತು ಖರೆ, ಆದ್ರ ಕೆರಿ ಕಡೆ ಹರಳು ಇರೋ ದಾರಿಗೆ ಇಳಿದ ಕೂಡಲೇ ಮುಂದಿನ ಗಾಲಿ ಕೈ ಮಾತು ಕೇಳವಲ್ದು, ಸಣ್ಣ ಕಲ್ಲು ತಾಗಿದ್ರೂ ಹೊಳ್ಳಾಕತ್ತು. ಕೈ ಹತ್ತಿರ ಬಂದಷ್ಟು ಹ್ಯಾಂಡಲ್ ತಿರುಗಿಸೋ ಬಲ ಕಮ್ಮಿ ಆಗತೈತಿ, ಅದಕ್ಕ ಎಂಟಿಬಿಗೆ ಅಗಲ ಕೊಟ್ಟಿರತಾರ. ಕೊಯ್ದಿದ್ದು ಹಚ್ಚಾಕ ಬರಂಗಿಲ್ಲ, ಹೊಸದೇ ತಗೋಬೇಕಾತು. ಆದ್ರ ಬರೇ ಡಾಂಬರ್ ಮ್ಯಾಲೆ ಹೋಗೋರಿಗೆ 760 ಜಾಸ್ತಿನೇ, ಆಷಾಢದ ಎದುರು ಗಾಳಿಗೆ ಕೈ ಅಗಲ ಮಾಡಿಕೊಂಡು ಹೊಡದು ನೋಡ್ರಿ, ಎದಿ ತುಂಬ ಗಾಳಿನೇ ಬಡಿತೈತಿ.

ಈಗ ಹಿಂಗ ಮಾಡ್ರಿ. ನೆಲದ ಮ್ಯಾಲೆ ದಂಡ ಹೊಡಿಯೋ ಹಂಗ ಕೈ ಊರ್ರಿ, ಯೋಚನಿ ಮಾಡದ ಕೈ ಎಲ್ಲಿ ಬೀಳತಾವೋ ಅಲ್ಲೇ ಬಿಡ್ರಿ, ಎರಡೂ ಅಂಗೈ ಹೊರ ಅಂಚಿನ ನಡುವಿನ ಅಂತರ ಟೇಪ್ ಹಿಡದು ಯಾರಿಗಾದ್ರೂ ಅಳಿಯಾಕ ಹೇಳ್ರಿ. ಅದು ಅಂದಾಜು, ಕಡೀ ಮಾತಲ್ಲ. ಆಮ್ಯಾಲೆ ಅಲೆನ್ ಕೀ ತಗೊಂಡು ಗ್ರಿಪ್, ಬ್ರೇಕ್ ಲಿವರ್, ಗೇರ್ ಶಿಫ್ಟರ್ ಎಲ್ಲಾ ಸಡಲ ಮಾಡಿ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳಗ ಸರಿಸ್ರಿ, ಅಂದ್ರ ನೀವು ಹಿಡಿಯೋದು 740 ಆತು. ರಬ್ಬರ್ ಗ್ರಿಪ್ ಆದ್ರ ಒಳಗ ಸ್ವಲ್ಪ ಸ್ಯಾನಿಟೈಸರ್ ಬಿಡ್ರಿ, ಜಾರತೈತಿ, ಒಣಗಿದ ಮ್ಯಾಲೇನೇ ಹೊಡೀರಿ. ಒಂದು ವಾರ ಅದೇ ದಾರಿ, ಅದೇ ದೂರ. ನೋವು ಕಮ್ಮಿ ಆದ್ರ ಮತ್ತೊಂದು ಸೆಂಟಿಮೀಟರ್. ಸೈಕಲ್ ತಿರುಗಿಸಾಕ ಗಾಬರಿ ಆಗೋ ಹಂಗ ಆತು ಅಂದ್ರ ಒಂದು ಹೆಜ್ಜಿ ಹಿಂದಕ್ಕ ಬರ್ರಿ, ಅದೇ ನಿಮ್ಮ ಅಳತಿ.

ಇನ್ನೊಂದು ಮಾತು ಗಮನ ಇಟ್ಟು ಓದ್ರಿ. ಭುಜದ ನೋವು ಅಗಲದಿಂದ ಬರಬಹುದು, ಯಾಕಂದ್ರ ಕೈ ಅಗಲ ಚಾಚಿದಷ್ಟು ಮೈ ಮುಂದಕ್ಕ ಬಾಗತೈತಿ, ಸ್ಟೆಮ್ (ಹ್ಯಾಂಡಲ್‌ನ ಸೈಕಲ್‌ಗೆ ಜೋಡಿಸೋ ನಡುವಿನ ತುಂಡು) ಒಂದಿಷ್ಟು ಗಿಡ್ಡದು ಹಾಕಿದ್ರೂ ಅದು ಕಮ್ಮಿ ಆಗತೈತಿ. ಆದ್ರ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯೋದು ಬ್ಯಾರೆ, ಅಂಗೈಯ ಕಿರುಬೆರಳಿನ ಕಡೆ ಹಾಯೋ ನರದ ಮ್ಯಾಲೆ ಭಾರ ಬಿದ್ದಾಗ ಹಂಗ ಆಗತೈತಿ. ಸೀಟಿನ ಮೂತಿ ಕೆಳಗ ಬಾಗಿದ್ರ ಮೈ ಭಾರ ಎಲ್ಲಾ ಕೈ ಮ್ಯಾಲೆ ಜಾರತೈತಿ, ಮೊದಲು ಅದನ್ನ ಸಮ ಮಾಡ್ರಿ. ಮಣಿಕಟ್ಟು ಮುರಿದಂಗ ಬಾಗಿದ್ರ ಬ್ರೇಕ್ ಲಿವರ್ ಕೋನ ಬದಲಿಸ್ರಿ. ನಮ್ಮ ಅಪ್ಪಾರ ಹಳೇ ಸೈಕಲ್ ಹ್ಯಾಂಡಲ್ ಹಿಂದಕ್ಕ ಬಾಗಿತ್ತು, ಹೊಲಕ್ಕ ಹೋಗಿ ಬಂದ್ರೂ ಅಂಗೈ ನೋವು ಅಂದವರಲ್ಲ. ಹಿಡಿಯೋ ಕೋನಾನೂ ಅಗಲದಷ್ಟೇ ಮುಖ್ಯ ಅಂತ ನನಗ ಅದರಿಂದ ತಿಳೀತು.

ಅಳತಿ ಖಾತ್ರಿ ಆದ ಮ್ಯಾಲೆ ಕೊಯ್ಸೋದಾದ್ರ ಗ್ರಿಪ್, ಲಿವರ್, ಶಿಫ್ಟರ್‌ಗೆ ನೆಟ್ಟಗಿರೋ ಪೈಪ್ ಸಾಕಷ್ಟು ಉಳಿತೈತಾ ನೋಡ್ರಿ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್, ಸುತ್ತ ಟೇಪ್ ಗುರುತು, ಆಮ್ಯಾಲೆ ಅರದಿಂದ ಅಂಚು ನುಣುಪು. ತುದಿಗೆ ಕ್ಯಾಪ್ ಹಾಕದ ಮಾತ್ರ ರಸ್ತೆಗೆ ಇಳಿಬ್ಯಾಡ್ರಿ, ಬಿದ್ದಾಗ ತೆರೆದ ಪೈಪು ಹೊಟ್ಟಿಗೆ ಹೊಕ್ಕೊಂತೈತಿ.