ಸೈಕಲ್ ಹ್ಯಾಂಡಲ್‌ಗೆ ಕಟ್ಟಿದ ಮೊಬೈಲ್ ಅದುರದ ಹಾಗೆ ಮನೆಯಲ್ಲೇ ಮೌಂಟ್ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು. "ಹೋಲ್ಡರ್ ಕೆಳಗೆ ಸ್ಪಂಜ್ ಇಟ್ಟೆ, ವಿಡಿಯೋ ಇನ್ನೂ ಕೆಟ್ಟಿತು, ಯಾಕೆ?" ಅಂತಲೂ ಕೇಳಿದ್ದೀರಿ. ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ನಾನು ದಾವಣಗೆರೆಯವನು. ಕೊಂಡಜ್ಜಿ ಕೆರೆಯ ದಾರಿಯನ್ನು ವಿಡಿಯೋ ಮಾಡಬೇಕು ಅಂತ ಹೊರಟಾಗ ನಾನೂ ಮೊದಲು ಇಟ್ಟದ್ದು ಸ್ಪಂಜನ್ನೇ.

ಮೆತ್ತನೆಯ ವಸ್ತುವಿನ ಮೇಲೆ ಏನನ್ನೇ ಕೂರಿಸಿದರೂ ಅದಕ್ಕೆ ತನ್ನದೇ ಒಂದು ಲಯ ಬರುತ್ತದೆ, ಜೋಕಾಲಿಗೆ ಇರುವ ಹಾಗೆ. ರಸ್ತೆಯ ಅದುರು ಆ ಲಯಕ್ಕಿಂತ ತುಂಬ ನಿಧಾನವಾಗಿದ್ದರೆ ಹಾಗೆಯೇ ಮೇಲೆ ಬರುತ್ತದೆ. ಅದೇ ಲಯದಲ್ಲಿದ್ದರೆ ಹಲವು ಪಟ್ಟು ಹೆಚ್ಚುತ್ತದೆ. ಲಯದ 1.4 ಪಟ್ಟು ದಾಟಿದ ಮೇಲೆ ಮಾತ್ರ ಕಡಿಮೆಯಾಗಲು ಶುರುವಾಗುತ್ತದೆ. ಮೊಬೈಲ್ ಬರೀ 200 ಗ್ರಾಂ. ಅಷ್ಟು ಹಗುರಕ್ಕೆ ಸ್ಪಂಜ್ ಜಗ್ಗುವುದೇ ಇಲ್ಲ, ಹಾಗಾಗಿ ಅದರ ಲಯ ರಸ್ತೆಯ ಅದುರು ಇರುವ ಜಾಗಕ್ಕೇ ಬಂದು ಕೂರುತ್ತದೆ.

ರಸ್ತೆಯ ಅದುರು ಎಷ್ಟಿರುತ್ತದೆ? ಇಂಟರ್‌ಲಾಕ್ ಕಲ್ಲು ಹಾಸಿದ ದಾರಿಯನ್ನೇ ನೋಡಿ. ಸಾಮಾನ್ಯ ಕಲ್ಲಿನ ಉದ್ದ 20 ಸೆಂ.ಮೀ. ಗಂಟೆಗೆ 18 ಕಿ.ಮೀ. ಹೋದರೆ ಸೆಕೆಂಡಿಗೆ 5 ಮೀಟರ್, ಅಂದರೆ ಸೆಕೆಂಡಿಗೆ 25 ಏಟು. 7 ಕಿ.ಮೀ.ಗೆ ಇಳಿಸಿದರೆ ಸುಮಾರು 10 ಏಟು. ಕಾಂಕ್ರೀಟ್ ರಸ್ತೆಯ ಜಾಯಿಂಟ್ ಹಾಗಲ್ಲ. ಅದು ಸೆಕೆಂಡಿಗೆ ಒಂದು ಬರುವ ಕುಲುಕು, ಅದನ್ನು ಯಾವ ಮೌಂಟೂ ತಡೆಯುವುದಿಲ್ಲ. ಅಂಥ ನಿಧಾನದ ಓಲಾಟವನ್ನು ಮೊಬೈಲಿನ ಸ್ಟೆಬಿಲೈಸೇಶನ್‌ಗೆ, ಅಂದರೆ ವಿಡಿಯೋದ ಅಲುಗಾಟವನ್ನು ತಾನೇ ಸರಿಪಡಿಸುವ ವ್ಯವಸ್ಥೆಗೆ ಬಿಡಿ. ವೇಗದ ನಡುಕ ಮಾತ್ರ ಮೌಂಟಿನ ಪಾಲು. ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ನಡುಕಕ್ಕೇ ಕರೆಂಟ್ ಕಂಬ ಹಾವಿನ ಹಾಗೆ ಬಳುಕಿ ಕಾಣುವುದು.

ಈಗ ಅಳತೆ. ಭಾರ ಇಟ್ಟಾಗ ಮೌಂಟ್ ಎಷ್ಟು ಜಗ್ಗುತ್ತದೆ ಅನ್ನುವುದೇ ಲಯವನ್ನು ಹೇಳುತ್ತದೆ. ಜಗ್ಗಿದ್ದನ್ನು ಸೆಂಟಿಮೀಟರಿನಲ್ಲಿ ಬರೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿ. 1 ಮಿ.ಮೀ. ಜಗ್ಗಿದರೆ ಸುಮಾರು 16 ಹರ್ಟ್ಜ್ (ಸೆಕೆಂಡಿಗೆ 16 ಸಲ), ಎರಡೂವರೆ ಮಿ.ಮೀ. ಆದರೆ 10 ಹರ್ಟ್ಜ್. ಎರಡನೆಯದರಲ್ಲಿ 14 ಹರ್ಟ್ಜ್ ದಾಟಿದ ಅದುರೆಲ್ಲ ತಗ್ಗುತ್ತದೆ, ನಮಗೆ ಅಷ್ಟು ಸಾಕು. ರಬ್ಬರ್ ಬಳಸಿದರೆ ನಿಜವಾದ ಲಯ ಈ ಲೆಕ್ಕಕ್ಕಿಂತ ಮೇಲಿರುತ್ತದೆ, ಯಾಕೆಂದರೆ ಸುಮ್ಮನೆ ಭಾರ ಹೊತ್ತಾಗ ಇರುವುದಕ್ಕಿಂತ ಅದುರುವಾಗ ಅದು ಹೆಚ್ಚು ಬಿಗಿ.

ನಾನು ಕೊನೆಗೆ ನೆಚ್ಚಿಕೊಂಡದ್ದು ಸೈಕಲ್ಲಿನ ಬ್ರೇಕ್ ವೈರನ್ನು. ಅದರಲ್ಲಿ ಹಲವು ಎಳೆಗಳನ್ನು ಹೊಸೆದಿರುತ್ತಾರೆ. ಬಾಗಿದಾಗ ಎಳೆಗಳು ಒಂದಕ್ಕೊಂದು ಉಜ್ಜಿ ಅದುರಿನ ಶಕ್ತಿಯನ್ನು ತಿಂದುಹಾಕುತ್ತವೆ. ಬರೀ ಸ್ಪ್ರಿಂಗ್‌ಗೆ ಈ ಗುಣವಿಲ್ಲ, ಅದು ಕುಣಿಯುತ್ತಲೇ ಇರುತ್ತದೆ. ಗುಜರಿಯಿಂದ 3 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ತುಂಡು ತಂದೆ. ಕೆಳಗಿನದನ್ನು ಕ್ಲಾಂಪಿನಿಂದ ಹ್ಯಾಂಡಲ್ಲಿನ ನಡುವೆಯೇ ಕೂರಿಸಿದೆ, ತುದಿಗೆ ಹೋದಷ್ಟೂ ಅಲುಗಾಟ ಜಾಸ್ತಿ. ಎರಡೂ ತಟ್ಟೆಗಳ ನಡುವೆ ನಾಲ್ಕು ಮೂಲೆಗೆ ನಾಲ್ಕು ವೈರ್ ಸುತ್ತು, ತುದಿಗಳನ್ನು ಚಿಕ್ಕ ಪಟ್ಟಿ ಮತ್ತು ಸ್ಕ್ರೂಗಳಿಂದ ಒತ್ತಿ ಹಿಡಿಸಿದೆ. ಕತ್ತರಿಸುವ ಮೊದಲು ವೈರಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಇಲ್ಲದಿದ್ದರೆ ಎಳೆ ಬಿಚ್ಚಿ ಬೆರಳಿಗೆ ಚುಚ್ಚುತ್ತದೆ.

ಮೊದಲು 4 ಸೆಂ.ಮೀ. ಅಗಲದ ಸುತ್ತು ಮಾಡಿದ್ದೆ, 1 ಮಿ.ಮೀ. ಕೂಡ ಜಗ್ಗಲಿಲ್ಲ. ಸುತ್ತನ್ನು 6 ಸೆಂ.ಮೀ. ಮಾಡಿದ ಮೇಲೆ ಸರಿಹೋಯಿತು. ಸುತ್ತು ಒಂದೂವರೆ ಪಟ್ಟು ಹಿಗ್ಗಿದರೆ ಬಿಗಿ ಮೂರು ಪಟ್ಟಿಗೂ ಹೆಚ್ಚು ಇಳಿಯುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವೇ ಬದಲಿಸಿ ನೋಡಿ. ಇದಿಷ್ಟೇ ಸಾಲದು, ತೂಕವೂ ಬೇಕು. ಮೇಲಿನ ತಟ್ಟೆಯ ಅಡಿಗೆ 300 ಗ್ರಾಂ ಕಬ್ಬಿಣದ ತುಂಡು ಕಟ್ಟಿದೆ. ಮೊಬೈಲ್, ಹೋಲ್ಡರ್, ಕಬ್ಬಿಣ ಸೇರಿ 600 ಗ್ರಾಂ ಆಯಿತು. ಕಬ್ಬಿಣವನ್ನು ಮೇಲಲ್ಲ, ಅಡಿಗೇ ಕಟ್ಟಬೇಕು. ಮೇಲೆ ಭಾರವಾದರೆ ಮೊಬೈಲ್ ತಲೆದೂಗುತ್ತದೆ, ದೂರದ ದೃಶ್ಯವನ್ನು ಹಾಳುಮಾಡುವುದು ಮೇಲೆ ಕೆಳಗೆ ಜಿಗಿಯುವುದಕ್ಕಿಂತ ಈ ತಲೆದೂಗುವಿಕೆಯೇ.

ಅಳೆಯಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ. ಮೊಬೈಲಿನೊಳಗೆ ಅಲುಗಾಟ ಅಳೆಯುವ ಆಕ್ಸೆಲೆರೋಮೀಟರಿನಿಂದಲೇ ಅದು ಯಾವ ಹರ್ಟ್ಜ್‌ನಲ್ಲಿ ಎಷ್ಟು ಅದುರು ಅಂತ ತೋರಿಸುತ್ತದೆ. ನನ್ನ ಮೌಂಟಿನ ಗ್ರಾಫಿನಲ್ಲಿ 10 ಹರ್ಟ್ಜ್ ಹತ್ತಿರ ಒಂದು ಗುಡ್ಡ ಎದ್ದಿತು, 20 ದಾಟಿದ ಮೇಲೆ ಎಲ್ಲ ತಣ್ಣಗೆ. ಇಂಟರ್‌ಲಾಕ್ ಮೇಲೆ ನಿಧಾನ ಹೋದರೆ ನನ್ನ ಮೌಂಟ್ ಈಗಲೂ ಕುಣಿಯುತ್ತದೆ, ಸ್ವಲ್ಪ ಜೋರಾಗಿ ತುಳಿದರೆ ಸುಮ್ಮನಾಗುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ಟೈರ್ ನೋಡಿ. ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ ಗಾಳಿಗಿಂತ ಕೆಳಗೆ ಹೋಗದೆ ಎಷ್ಟು ಇಳಿಸಬಹುದೋ ಅಷ್ಟು ಇಳಿಸಿ, ಕಾಸು ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ನೂಕಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ, ಮೊದಲು ಆ ಸಡಿಲವನ್ನು ಟೈಟ್ ಮಾಡಿಸಿ.

ಕ್ಯಾಮೆರಾ ಕೆಟ್ಟೀತೇ ಅಂತಲೂ ಕೇಳಿದ್ದೀರಿ. ಆ್ಯಪಲ್ 2021ರಲ್ಲಿ ಕೊಟ್ಟ ಎಚ್ಚರಿಕೆ ಮುಖ್ಯವಾಗಿ ದೊಡ್ಡ ಮೋಟಾರ್‌ಸೈಕಲ್ ಎಂಜಿನ್ನಿನ ಅದುರಿನ ಬಗ್ಗೆ. ಆ ಅದುರು, ಲೆನ್ಸನ್ನು ಸರಿಸಿ ಚಿತ್ರ ಅಲುಗದಂತೆ ನೋಡಿಕೊಳ್ಳುವ ಕ್ಯಾಮೆರಾ ವ್ಯವಸ್ಥೆಯನ್ನು ಕ್ರಮೇಣ ಕೆಡಿಸಬಹುದು ಅಂತ. ಸ್ಕೂಟರಿಗೂ ಅದುರು ತಡೆಯುವ ಮೌಂಟ್ ಹಾಕಿ ಅಂದಿದೆ. ಸೈಕಲ್ಲಿಗೆ ಎಂಜಿನ್ ಇಲ್ಲ, ಆದರೂ ನಾನು ಬರೀ ಹೋಲ್ಡರ್‌ಗೆ ಸಿಗಿಸಿ ಓಡಿಸುವುದನ್ನು ಬಿಟ್ಟಿದ್ದೇನೆ.

ಎರಡು ವಿಷಯ ತಪ್ಪಿಸಬೇಡಿ. ನೈಲಾನ್ ಲಾಕ್ ನಟ್ಟನ್ನೇ ಹಾಕಿ, ಮಾಮೂಲಿ ನಟ್ ಅದುರಿಗೆ ಬಿಚ್ಚಿಕೊಳ್ಳುತ್ತದೆ. ಮೊಬೈಲಿಗೂ ಹ್ಯಾಂಡಲ್ಲಿಗೂ ಬೇರೆಯೇ ಒಂದು ಗಟ್ಟಿ ದಾರ ಇರಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಅದು ಬ್ರೇಕಿಗೆ ಸಿಕ್ಕಬಾರದು. ಕಟ್ಟಿದ ಮೇಲೆ ಎಷ್ಟು ಮಿ.ಮೀ. ಜಗ್ಗಿತು, ಒಟ್ಟು ತೂಕ ಎಷ್ಟು ಅಂತ ಬರೆಯಿರಿ, ಸುತ್ತು ಎಷ್ಟು ಬದಲಿಸಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.